ಆಯಿ ಡಬ್ಬಿ

ಕೊಪ್ಪಳ
ಶೀಗಿ ಹುಣ್ಣಿವಿ ಮರುದಿನ

ಚಿ. ಸೌ. ಮಗಳಿಗೆ ನಿನ್ನ ದೊಡ್ಡವ್ವ ಮಾಡುವ ಆಶೀರ್ವಾದ. ಇತ್ತ ಎಲ್ಲಾರೂ ಅರಾಮ ಅದೀವಿ. ನಿಮ್ಮ ದೊಡ್ಡಪ್ಪನ ಮೊಣಕಾಲು ನೋವು ಹಂಗ ಐತಿ, ಆದ್ರೂ ದಿನಾ ಸಂಜಿಮುಂದ ಗವಿಮಠದ ತನಕ ಅಡ್ಡಾಡಿ ಬರ್ತಾರ.

ಮೊನ್ನೆ ಫೋನಿನಾಗ ನೀ ಒಂದ ಉಸಿರಿಗೆ ಹೇಳಿದ್ದನ್ನ ರಾತ್ರಿ ಕುಂತು ಲೆಕ್ಕ ಹಾಕಿದೆ. ದೀಪಾವಳಿಗೆ 40 ಡಬ್ಬಿ. ಆಫೀಸಿನ ಮಂದಿಗೆ, ಅಪಾರ್ಟ್‌ಮೆಂಟಿನ ಆಜೂಬಾಜೂ ಮನಿಗೆ, ಅತ್ತಿಮನಿ ಕಡೆಯವ್ರಿಗೆ. ಒಂದೊಂದರಾಗೂ ನಾನ್‌ಖಟಾಯಿ, ಶೇಂಗಾ ಉಂಡಿ, ಚಕ್ಲಿ, ಕರ್ಚಿಕಾಯಿ, ಮ್ಯಾಲೊಂದು ಬಾಟ್ಲಿ ಚಟ್ನಿಪುಡಿ. ಎಲ್ಲಾ ಮನಿಯಾಗ ಮಾಡಿದ್ದು, ಅಂಗಡಿದು ಒಂದೂ ಇಲ್ಲ. ಹೊಸಾ ಓವನ್ ಬಂದೈತಿ, ಶನಿವಾರ ಭಾನುವಾರ ಎರಡು ದಿನದಾಗ ಮುಗಿಸ್ತೀನಿ ಅಂದಿ. ಆವಾಗ ನಾ ಹ್ಞೂಂ ಅಂದೆ. ಹ್ಞೂಂ ಅಂದಿದ್ದು ತಪ್ಪು, ಅದಕ್ಕ ಈ ಕಾಗದ.

ನಾನ್‌ಖಟಾಯಿದಷ್ಟ ಲೆಕ್ಕ ನೋಡು. ಡಬ್ಬಿಗೆ 10 ಇಟ್ರೂ 400 ಆದ್ವು. ನಿನ್ನ ಓವನಿನ ತಗಡಿನ ಮ್ಯಾಲ ಒತ್ತಿ ಇಟ್ರ 16 ಹಿಡೀತಾವ. ಅಂದ್ರ 25 ಸಲ ಒಳಗಿಟ್ಟು ಹೊರಗ ತಗೀಬೇಕು. ಒಂದು ಸಲಕ್ಕ 20 ನಿಮಿಷ ಹಿಡಿದ್ರ ಎಂಟು ತಾಸಿನ ಮ್ಯಾಲ ಆತು, ಅದೂ ನಡುವ ಕರೆಂಟ್ ಹೋಗದಿದ್ರ. ಚಕ್ಲಿ ಒತ್ತೋದು, ಕರ್ಚಿಕಾಯಿ ಅಂಚು ಮಡಚೋದು ಇನ್ನೂ ಬಾಕಿ. ಅಳಿಯಂದಿರು ಕೈ ಜೋಡಸ್ತಾರ ಅಂತಿ. ಜೋಡಸಲಿ, ಒಳ್ಳೇದು. ಆದ್ರ ಭಾನುವಾರ ರಾತ್ರಿ ಹನ್ನೊಂದಕ್ಕ ಇಬ್ರೂ ಜಗಳಾಡಿ ಮುಖ ಉಬ್ಬಿಸಿಕೊಂಡು ತುಂಬಿದ ಡಬ್ಬಿ ಯಾರಿಗೆ ಕೊಡ್ತೀರಿ?

ಗವಿಸಿದ್ಧೇಶ್ವರ ಜಾತ್ರಿಗೆ ಲಕ್ಷಗಟ್ಟಲೆ ರೊಟ್ಟಿ ಬರೋದು ನೀ ಸಣ್ಣಾಕಿ ಇದ್ದಾಗಿಂದ ನೋಡೀದಿ. ಹಳ್ಳಿಹಳ್ಳಿಯಿಂದ ಟ್ರ್ಯಾಕ್ಟರ್ ತುಂಬಿ ದಾಸೋಹಕ್ಕ ತರ್ತಾರ, ಮ್ಯಾಲ ಮಾದಲಿ ಬ್ಯಾರೆ. ಒಬ್ಬಾಕಿನ ಅಷ್ಟೂ ಬಡದಿರ್ತಾಳೇನು? ಒಂದು ಮನಿದು 20, ಇನ್ನೊಂದು ಮನಿದು 50, ಕೈಲಾಗದ ಮುದುಕಿದು ಐದು. ನೀ ಒಬ್ಬಾಕಿನ ಇಡೀ ಊರಿನ ರೊಟ್ಟಿ ಬಡೀತೀನಿ ಅಂತ ಹೊಂಟೀದಿ.

ಹಂಗಾರ ಯಾರಿಗೆ ಕೊಡಬೇಕು? ನಾ ಹೇಳೋದು ಇಷ್ಟ: ಯಾರ ಮನಿಗೆ ಹೋದ ಡಬ್ಬಿ ತಿರುಗಿ ನಿನ್ನ ಮನಿಗೆ ಬರ್ತೈತೋ ಅವ್ರಿಗೆ ಮಾಡಿ ಕೊಡು. ಅಂಥವ್ರು ಎಂಟು ಮನಿಯವ್ರು ಇದ್ರ ಬೆಂಗಳೂರಿನಾಗ ನೀ ಪುಣ್ಯವಂತಿ. ಕೊಡೋದೂ ರಟ್ಟಿನ ಬಾಕ್ಸಿನಾಗ ಬ್ಯಾಡ. ಸ್ಟೀಲ್ ಡಬ್ಬಿಯಾಗ ಕೊಡು. ರಟ್ಟಿನ ಬಾಕ್ಸ್ ಹೋದ್ರ ಹೋತು, ಡಬ್ಬಿ ಅಂದ್ರ ಯಾವಾಗರ ಒಂದಿನ ಬಾಗಲಾ ಬಡದು ಕೊಡಾಕ ಬರಬೇಕಾಗ್ತೈತಿ. ನಮ್ಮ ಓಣ್ಯಾಗ ಡಬ್ಬಿ ಖಾಲಿ ಕಳಿಸೋ ಪದ್ಧತಿ ಇಲ್ಲ ಅನ್ನೋದು ನಿನಗ ಗೊತ್ತ ಐತಿ. ಏನೂ ಇಲ್ಲಂದ್ರ ಒಂದು ಹಿಡಿ ಸಕ್ಕರಿ ಹಾಕಿ ಕಳಿಸ್ತಾರ. ಆಫೀಸಿನವ್ರಿಗೆ ಒಂದು ದೊಡ್ಡ ಡಬ್ಬಿ ಒಯ್ದು ಮೇಜಿನ ಮ್ಯಾಲ ಇಡು, ತಿನ್ನೋರು ತಿಂತಾರ.

ಈ ಕಾಗದದ ಜೋಡಿ ಒಂದು ಡಬ್ಬಿ ಕಳಿಸೀನಿ. ಅದರ ಕಥಿ ನಿಮ್ಮವ್ವ ನಿನಗ ಪೂರ್ತಿ ಹೇಳಿರಾಕಿಲ್ಲ, ನನ್ನ ಮಾನ ಉಳಿಸ್ಯಾಳ.

ನಿಮ್ಮವ್ವನ ಮದುವಿ ಆದ ಮೊದಲನೇ ಪಂಚಮಿ. ನಮ್ಮವ್ವಗ ಮೈಯಾಗ ಅರಾಮ ಇರಲಿಲ್ಲ, ಆಕಿ ಗಂಡನ ಮನಿ ಸಿಂಧನೂರಿಗೆ ಉಂಡಿ ಕಳಿಸೋ ಕೆಲಸ ನನ್ನ ಪಾಲಿಗೆ ಬಂತು. ಶ್ರಾವಣದ ಜಿಟಿಜಿಟಿ ಮಳಿ, ಮನಿಯಾಗಿನ ಉಪ್ಪು ಸೈತ ನೀರು ಬಿಟ್ಟಿತ್ತು. ಶೇಂಗಾ ಹುರಿದೆ, ಸಿಪ್ಪಿ ಕೇರಿದೆ, ಬೆಲ್ಲದ ಪಾಕ ಹಿಡಿದು ಕೈ ಸುಟಗೊಂತ ಉಂಡಿ ಕಟ್ಟಿದೆ. ಅಲ್ಲಿತನಕ ಎಲ್ಲಾ ಬರೋಬ್ಬರಿ. ಬಸ್ಸಿನ ಹೊತ್ತಾತು ಅಂತ ಉಂಡಿ ಇನ್ನೂ ಬೆಚ್ಚಗ ಇದ್ದಾಗನ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ಮ್ಯಾಲ ಅರಿವಿ ಬಿಗಿದು ಕಂಡಕ್ಟರ್ ಕೈಯಾಗ ಕೊಟ್ಟೆ. ಹದಿನೈದು ದಿನಕ್ಕ ನನ್ನ ಡಬ್ಬಿ ಬದಲಿ ಈ ಡಬ್ಬಿ ಬಂತು, ಒಳಗ ಶೇಂಗಾ ಉಂಡಿ ತುಂಬಿತ್ತು. ನಿಮ್ಮಪ್ಪನ ಅವ್ವ, ನಿಮ್ಮ ಆಯಿ, ಕಟ್ಟಿದ್ದು. ಒಂದೊಂದೂ ಅಳದು ಮಾಡಿದಂಗ, ಬೆರಳಿಗೆ ಜಿಗಟು ಹತ್ತಲಾರದಂಗ ಆರಿಸಿದ್ದು, ತಳಕ್ಕೂ ನಡುವ ನಡುವ ಒಣಾ ಅರಿವಿ ಹಾಸಿದ್ದು. ನಾ ಖುಷಿಲೆ ತಿಂದೆ. ಆಯಿ ಒಂದು ಮಾತೂ ಹೇಳಿ ಕಳಿಸಿರಲಿಲ್ಲ.

ಹತ್ತು ವರ್ಷ ಆದಮ್ಯಾಲ ನಿಮ್ಮವ್ವ ನಕ್ಕೋತ ಬಾಯಿಬಿಟ್ಲು. ನಾ ಕಳಿಸಿದ ಉಂಡಿ ಡಬ್ಬಿಯೊಳಗ ಬೆವತು ವಾರದಾಗ ಬೂಷ್ಟು ಹಿಡಿದಿದ್ವಂತ. ಆಯಿ ಯಾರಿಗೂ ತೋರಿಸಲಾರದ ಒಯ್ದು ತಿಪ್ಪಿಯಾಗ ಹುಗಿದ್ರಂತ. ಎಮ್ಮಿಗೆ ಹಾಕೋಣೇನು ಅಂತ ನಿಮ್ಮವ್ವ ಕೇಳಿದ್ದಕ್ಕ, ಬೂಷ್ಟು ಹಿಡಿದ ಶೇಂಗಾ ದನಕ್ಕೂ ವಿಷ ಅಂದ್ರಂತ. ಆ ಮಾತು ಖರೇ ಐತಿ. ಆವತ್ತಿಂದ ನಾ ಏನ ಮಾಡಿದ್ರೂ ಒಂದು ರಾತ್ರಿ ಬಿದರ ಬುಟ್ಟಿಯಾಗ ತೆಳ್ಳನ ಅರಿವಿ ಮುಚ್ಚಿ ಆರಿಸಿ, ಮುಂಜಾನೆ ಡಬ್ಬಿಗೆ ಹಾಕ್ತೀನಿ. ನೀನೂ ಹಂಗ ಮಾಡು. ಅಂದ್ರ ಶನಿವಾರ ಮಾಡಿದ್ದು ಭಾನುವಾರ ತುಂಬೋದು, ಭಾನುವಾರ ರಾತ್ರಿ ಮಾಡಿದ್ದು ಸೋಮವಾರ ಮುಂಜಾನೆ ಆಫೀಸಿಗೆ ಒಯ್ಯೋದಲ್ಲ.

ಈಗ ನಾನ್‌ಖಟಾಯಿ. ನೀ ಓವನ್ ಅಂತಿ, ನಮಗ ಓವನ್ ಅಂದ್ರ ಬಜಾರದಾಗಿನ ಬೇಕರಿ ಭಟ್ಟಿ. ದೀಪಾವಳಿ ಮುಂದ ಮೈದಾ, ಸಕ್ಕರಿ, ಡಾಲ್ಡಾ ಪಿಶವಿಯಾಗ ಹಾಕಿಕೊಂಡು ಹೋಗಿ ಪಾಳಿ ಹಚ್ಚಿ ನಿಂದ್ರತಿದ್ವಿ. ಕಿಲೋ ಲೆಕ್ಕದಾಗ ಕೂಲಿ, ಗುರ್ತಿಗೆ ಒಂದು ಚೀಟಿ. ರಾತ್ರಿ ಹತ್ತರ ತನಕ ಕಟ್ಟಿ ಮ್ಯಾಲ ಕುಂತು ಊರ ಸುದ್ದಿ. ಒಂದು ವರ್ಷ ಚೀಟಿ ಅದಲಬದಲ ಆಗಿ, ಮನಿ ತುಪ್ಪ ಹಾಕಿಸಿದ ನಮ್ಮ ಬಿಸ್ಕೀಟು ಯಾರೋ ಒಯ್ದು, ಅವರ ಡಾಲ್ಡಾದ್ದು ನಮಗ ಬಂತು. ನಿಮ್ಮ ದೊಡ್ಡಪ್ಪ ಇವತ್ತಿಗೂ ಅದನ್ನ ಮರತಿಲ್ಲ. ಸ್ವಂತ ಓವನ್ ತಗೊಂಡಿದ್ದು ಅದಕ್ಕ ನನಗ ಪಸಂದ್ ಬಂದೈತಿ.

ಒಂದು ಕಿಲೋ ಮೈದಾಕ್ಕ ಅರ್ಧ ಕಿಲೋ ಸಕ್ಕರಿ ಪುಡಿ, ಅರ್ಧ ಕಿಲೋ ತುಪ್ಪ. ನೀರು ಹನಿ ಸೈತ ಬ್ಯಾಡ. ತುಪ್ಪ ಕಾಸಬ್ಯಾಡ, ಗಟ್ಟಿ ಇದ್ದದ್ದನ್ನ ಪರಾತದಾಗ ಹಾಕಿ ಅಂಗೈಲೆ ತಿಕ್ಕು, ಹಾಲಿನ ಕೆನಿಯಂಗ ಬೆಳ್ಳಗ ಹಗುರ ಆಗೋತನಕ. ಕರಗಿದ ತುಪ್ಪ ಹಾಕಿದ್ರ ತಗಡಿನ ಮ್ಯಾಲ ಹರದು ಎಲ್ಲಾ ಒಂದಕ್ಕೊಂದು ಹತ್ತಿಕೊಂಡು ಕುಂದ್ರತಾವ. ಸಕ್ಕರಿ ಕೂಡಿಸಿ ಇನ್ನಷ್ಟು ತಿಕ್ಕಿ, ಮೈದಾ, ಚಿಟಿಕಿ ಸೋಡಾ, ಯಾಲಕ್ಕಿ ಹಾಕಿ ಹಗುರಕ್ಕ ಒತ್ತಿ ಮುದ್ದಿ ಮಾಡು. ರೊಟ್ಟಿ ಹಿಟ್ಟಿನಂಗ ನಾದಬ್ಯಾಡ, ಗಟ್ಟಿ ಆಗ್ತಾವ. ಸಣ್ಣ ನಿಂಬಿಹಣ್ಣಿನಷ್ಟು, 25 ಗ್ರಾಮಿನಂಗ ತಗೊಂಡ್ರ 80 ಆಗ್ತಾವ, ಎಂಟು ಮನಿಗೆ ಸರಿಹೋತು. 170 ಡಿಗ್ರಿಯಾಗ 15ರಿಂದ 18 ನಿಮಿಷ. ಮೊದಲು ನಾಕ ನಾಕ ಇಟ್ಟು ನೋಡು, ಓವನ್ನಿಗೊಂದು ಗುಣ ಇರತೈತಿ. ಮ್ಯಾಲ ಬಿರುಕು ಬಿಟ್ಟು ತಳ ತುಸು ಕೆಂಪಾದ್ರ ತಗದುಬಿಡು. ಮುಟ್ಟಿದ್ರ ಮೆತ್ತಗ ಅದಾವಲ್ಲ ಅಂತ ಗಾಬ್ರಿಯಾಗಿ ಮತ್ತ ಒಳಗ ತುರುಕಬ್ಯಾಡ, ಆರಿದಂಗ ತಾವ ಗಟ್ಟಿ ಆಗ್ತಾವ.

ಜ್ವಾಳದ ಹಿಟ್ಟಿಲೆ ಮಾಡಿದ್ರ ಆರೋಗ್ಯಕ್ಕ ಚೊಲೊ ಅಂದಿದ್ದಿ. ಜ್ವಾಳದಾಗ ಗೋಧಿಯಂಗ ಜಿಗಿ ಇಲ್ಲ, ಅದಕ್ಕ ರೊಟ್ಟಿಗೆ ಎಸರು ನೀರು ಹಾಕಿ ನಾದ್ತೀವಿ. ಬರೇ ಜ್ವಾಳದ ಬಿಸ್ಕೀಟು ಡಬ್ಬಿಯಾಗ ಅಲುಗಾಡಿ ಪುಡಿ ಆಗ್ತೈತಿ. ಅರ್ಧ ಗೋಧಿಹಿಟ್ಟು ಕೂಡಿಸು. ಸಜ್ಜಿ ಹಿಟ್ಟಂತೂ ಬೀಸಿದ ನಾಕೈದು ದಿನಕ್ಕ ಕಹಿ ತಿರಗತೈತಿ, ಅದರ ಗೊಡವಿ ಬ್ಯಾಡ.

ನಿಮ್ಮ ಅತ್ತಿಯವ್ರಿಗೆ ಸಕ್ಕರಿ ಬ್ಯಾನಿ ಐತಿ. ಉಂಡಿ ಕೊಟ್ರ ನಕ್ಕು ಇಸಗೊಂಡು ಮಂದಿಗೆ ಹಂಚತಾರ. ಅವ್ರಿಗೆ ಅಗಸಿ ಹಿಂಡಿ ಮಾಡು: ಅಗಸಿ ಚಟಪಟ ಅನ್ನೋತನಕ ಹುರಿದು, ಒಣ ಮೆಣಸಿನಕಾಯಿ, ಬಳ್ಳೊಳ್ಳಿ, ಹುಣಸಿಹಣ್ಣು, ಉಪ್ಪು ಹಾಕಿ ತರಿತರಿ ಕುಟ್ಟು. ಒಂದ ಸಲ ಭಾಳ ಮಾಡಬ್ಯಾಡ, ಕುಟ್ಟಿದ ಅಗಸಿ ತಿಂಗಳ ದಾಟಿದ್ರ ಎಣ್ಣಿ ಕಮಟು ಬರತೈತಿ. ಮ್ಯಾಲ ಒಂದು ಗುಳೇದಗುಡ್ಡ ಖಣ ಇಟ್ಟು ಕೊಡು. ಅವರು ಬಾಯಿಬಿಟ್ಟು ಹೊಗಳಾಕಿಲ್ಲ, ಆದ್ರ ಬಾಟ್ಲಿ ಲಗೂ ಖಾಲಿ ಆಗ್ತೈತಿ.

ಎಲ್ಲಾ ನಿನ್ನ ಕೈಲೆನ ಆಗಬೇಕು ಅನ್ನೋ ಹಟಾನೂ ಬ್ಯಾಡ. ನಿನ್ನ ನಾದಿನಿ ಕೂಸಿಗೆ ಗೊಂಬಿ ಹೊಲೀತೀನಿ ಅಂದಿ. ನಿನ್ನ ಹೊಲಿಗಿ ನನಗ ಗೊತ್ತಿಲ್ಲೇನು? ಕಿನ್ನಾಳ ಇಲ್ಲಿಂದ ಹತ್ತು ಹನ್ನೆರಡು ಕಿಲೋಮೀಟರ್. ಅಲ್ಲಿ ಕಟಗಿ ಗೊಂಬಿ ಮಾಡೋ ಮನಿಗೇ ಹೋಗಿ ಒಂದು ತಂದಿಡ್ತೀನಿ, ರೊಕ್ಕ ಆಮ್ಯಾಲ ಕೊಡು. ಅಂಗಡಿದು ಬ್ಯಾಡ ಅಂದ್ರ ಮಂದಿ ಕೈಯಾಗಿಂದೂ ಬ್ಯಾಡ ಅಂತಲ್ಲ. ನೀ ಹೇಳಿದ ಕೌದಿ ಮಾತ್ರ ಈ ದೀಪಾವಳಿಗೆ ಆಗೋದಲ್ಲ. ನಿನ್ನ ಹಳೇ ಕಾಟನ್ ಸೀರಿ ನಾಕು ಕಳಿಸು, ಚಳಿಗಾಲದಾಗ ನಾನೂ ಪಕ್ಕದ ಮನಿಯಾಕಿನೂ ಕುಂತು ಹಾಕ್ತೀವಿ.

ಯಾರರ ತಿಂದು, ಆರ್ಡರ್ ತಗೋತೀರೇನು ಅಂತ ಕೇಳಿದ್ರ ಆಸೆಕ್ಕ ಬೀಳಬ್ಯಾಡ. ಮಾರೋದಂದ್ರ ಸರ್ಕಾರದ ನೋಂದಣಿ ಬೇಕು, ಅದರ ಹಿಂದ ಲೆಕ್ಕ ಪತ್ರ. ನೌಕರಿ ಬಿಡೋ ವಿಚಾರ ಇದ್ರ ಬ್ಯಾರೆ ಮಾತಾಡೋಣ.

ಡಬ್ಬಿಯಾಗ ಎರಡು ಕಿಲೋ ಶೇಂಗಾ ಹಾಕೀನಿ. ಹೊಸಾ ಮಾಲು, ನಾಕು ದಿನ ಮಾಳಿಗಿ ಮ್ಯಾಲ ಒಣಗಿಸೀನಿ, ಆದ್ರೂ ಒಂದು ಬಿಸಿಲು ಕೊಟ್ಟ ಹುರಿ. ನಡುವ ಒಂದು ಚೀಟಿ ಐತಿ, ಅದರಾಗ ಪಾಕದ ಹದ ಬರದೀನಿ. ಬಸ್ಸಿನ ಕಾರ್ಗೋಕ್ಕ ನಾಳೆ ಹಾಕ್ತಾರ ನಿಮ್ಮ ದೊಡ್ಡಪ್ಪ, ಮೆಸೇಜ್ ಬಂದ ಮ್ಯಾಲ ಹೋಗಿ ಇಸಗೋ. ಡಬ್ಬಿ ಮೈಮ್ಯಾಲ ಆಯಿ ಹೆಸರು ಕೊರಸೈತಿ, ಅರ್ಧ ಸವದೈತಿ, ತಿಕ್ಕೋಮುಂದ ಅಲ್ಲಿ ತಂತಿ ಬ್ರಷ್ ಹಚ್ಚಬ್ಯಾಡ. ಸಂಕ್ರಾಂತಿಗೆ ಬರೋಮುಂದ ಡಬ್ಬಿ ತಗೊಂಡು ಬಾ. ಮುಚ್ಚಳ ಭಾಳ ಬಿಗಿ, ಚಮಚದ ಹಿಡಿಕಿಲೆ ಒಂದು ಕಡೆಯಿಂದ ಎತ್ತು.

ನಿನ್ನ
ದೊಡ್ಡವ್ವ