ಸ್ಲೈಡು ನನ್ನದು, ಚಿತ್ರ ಯಾರದು?

ಹಾಸನ

ಪ್ರೀತಿಯ ಗೆಳೆಯಾ,

ಫೋನಿನಲ್ಲಿ ಹೇಳಿದರೆ ಅರ್ಧ ಕೇಳಿಸಿಕೊಂಡು ಇನ್ನರ್ಧಕ್ಕೆ ನಗುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ಅಪ್ಪಾಜಿಯಿಂದ ನನಗೊಂದು ಕೆಲಸ ಆಗಬೇಕು. ಬೇರೆಯವರ ಕಣ್ಣಿಗೂ ಬಿದ್ದರೆ ಒಳ್ಳೆಯದು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಏಪ್ರಿಲ್‌ನಲ್ಲಿ ಹಳೆಯ ಅಚ್ಚುಮೊಳೆ ಹುಡುಕಿಕೊಂಡು ಗುಜರಿ ಅಂಗಡಿಗೆ ಹೋಗಿದ್ದೆ. ಮೊಳೆ ಸಿಗಲಿಲ್ಲ. ತುಕ್ಕು ಹಿಡಿದ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು, ಒಳಗೆ 112 ಸ್ಲೈಡು. ಅದೇ, ಪುಟ್ಟ ಚೌಕಟ್ಟಿನಲ್ಲಿ ಕೂರಿಸಿ ಪ್ರೊಜೆಕ್ಟರಿನಲ್ಲಿ ಗೋಡೆಗೆ ಬಿಡುತ್ತಿದ್ದ ಬಣ್ಣದ ಫಿಲ್ಮಿನ ತುಂಡುಗಳು. ಅಂಗಡಿಯವನು ಡಬ್ಬಕ್ಕೆ ರೇಟು ಹೇಳಿದ, ಒಳಗಿನದ್ದು ಸುಮ್ನೆ ಬಂತು.

ಅರ್ಧಕ್ಕಿಂತ ಜಾಸ್ತಿ ಪೂರ್ವ ಜರ್ಮನಿಯ ಓರ್ವೊ ಫಿಲ್ಮು. ಬಣ್ಣ ಹಾರಿ, ಎಲ್ಲವೂ ಕುಂಕುಮದ ನೀರಿನಲ್ಲಿ ಅದ್ದಿ ತೆಗೆದ ಹಾಗಾಗಿವೆ. ಮೇಲೆ ಬೂಷ್ಟು ಬೇರೆ. ಉಳಿದ ಮೂವತ್ತು ಚಿಲ್ಲರೆ ಅಮೆರಿಕದ ಕೊಡಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮು. ಅವನ್ನು ಕಿಟಕಿಗೆ ಹಿಡಿದಾಗ ಮಾತೇ ಹೊರಡಲಿಲ್ಲ ಕಣೋ. ನಿನ್ನೆ ತೆಗೆದ ಹಾಗಿದೆ. ಕತ್ತಲಲ್ಲಿಟ್ಟರೆ ಕೊಡಾಕ್ರೋಮ್ ಬಣ್ಣ ಸುಲಭಕ್ಕೆ ಹೋಗುವುದಿಲ್ಲ. ಪ್ರೊಜೆಕ್ಟರಿಗೆ ಹಾಕಿ ಹಾಕಿ ತೋರಿಸಿದರೆ ಹೋಗುತ್ತದೆ. ಅಂದರೆ ಇವನ್ನು ತೆಗೆದ ಪುಣ್ಯಾತ್ಮ ಯಾರಿಗೂ ಜಾಸ್ತಿ ತೋರಿಸಿಯೇ ಇಲ್ಲ! ಇವತ್ತು ಆ ಫಿಲ್ಮಿನ ಒಂದು ರೋಲು ಸಿಕ್ಕರೂ ಬಣ್ಣದಲ್ಲಿ ತೊಳೆದು ಕೊಡುವವರಿಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿದ್ದ ಕೊನೆಯ ಲ್ಯಾಬು 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು.

ಆಗ ನನ್ನ ಮೇಜಿನ ಮೇಲೆ ಒಂದು ಕಥಾಸಂಕಲನದ ಮುಖಪುಟದ ಕೆಲಸ ಇತ್ತು. ಮುಳುಗಿ ಹೋದ ಊರಿನ ಕಥೆಗಳು. ಡಬ್ಬದಲ್ಲಿ ಚೆಂದದ ಚಿತ್ರಗಳು ಬೇಕಾದಷ್ಟಿದ್ದವು. ಹಳೇಬೀಡಿನ ನಂದಿಯ ಮುಂದೆ ನಿಂತ ಸಂಸಾರ, ಕಾರಿನ ಬಾನೆಟ್ಟಿನ ಮೇಲೆ ಕೂರಿಸಿದ ಮಗು. ಒಂದೂ ಕೆಲಸಕ್ಕೆ ಬರಲಿಲ್ಲ. ಇಷ್ಟು ವರ್ಷದ ಅನುಭವದಲ್ಲಿ ಹೇಳುತ್ತೇನೆ, ಚೆನ್ನಾಗಿ ತೆಗೆದ ಫೋಟೋ ಮುಖಪುಟಕ್ಕೆ ಆಗಿಬರುವುದು ಅಪರೂಪ. ಅದರಲ್ಲಿ ಜಾಗವೇ ಉಳಿದಿರುವುದಿಲ್ಲ. ಪುಸ್ತಕದ ಹೆಸರು ಎಲ್ಲಿ ಕೂರಬೇಕು? ಕನ್ನಡದಲ್ಲಂತೂ ಎರಡು ಸಾಲಿನ ಹೆಸರಾದರೆ ನಡುವೆ ಜಾಗ ಜಾಸ್ತಿಯೇ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಗುದ್ದುತ್ತದೆ. ಸಾಲದ್ದಕ್ಕೆ ಸ್ಲೈಡು ಅಡ್ಡ, ಪುಸ್ತಕ ಉದ್ದ. ನಮ್ಮ ಪುಸ್ತಕಗಳ ಮಾಮೂಲಿ ಅಳತೆಯಾದ ಡೆಮಿ 1/8ಕ್ಕೆ ಕತ್ತರಿಸಿದರೆ 36 ಮಿಲಿಮೀಟರ್ ಅಗಲದಲ್ಲಿ ನನಗೆ ಸಿಗುವುದು ಸುಮಾರು ಹದಿನೈದೂವರೆ. ಅರ್ಧಕ್ಕಿಂತ ಜಾಸ್ತಿ ಚಿತ್ರ ಕಸದ ಬುಟ್ಟಿಗೆ.

ಕೊನೆಗೆ ಕೈಗೆ ಬಂದದ್ದು ಅವನು ಕೆಡಿಸಿಕೊಂಡ ಒಂದು ಚಿತ್ರ. ಮುಕ್ಕಾಲು ಪಾಲು ಬರೀ ಆಕಾಶ. ಕೆಳಗೆ ಒಂದು ಗೆರೆಯಷ್ಟು ಹೊಲ, ಒಂದು ದಿಬ್ಬ, ದೂರದಲ್ಲಿ ಶೆಟ್ಟಿಹಳ್ಳಿ ಚರ್ಚು, ಈಗ ಮಳೆಗಾಲದಲ್ಲಿ ಹೇಮಾವತಿ ಹಿನ್ನೀರಿನಲ್ಲಿ ಮುಳುಗುತ್ತದಲ್ಲ, ಅದೇ. ನೀರೇ ಇಲ್ಲ! ರಟ್ಟಿನ ಚೌಕಟ್ಟಿನ ಮೇಲೆ 1972ರ ಮುದ್ರೆ. ಅದು ಫಿಲ್ಮು ತೊಳೆದ ದಿನದ್ದು, ತೆಗೆದ ದಿನದ್ದಲ್ಲ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಮುಗಿದಿದ್ದು 1979ರಲ್ಲಿ ಅಲ್ವಾ? ಹಾಗಾಗಿ ಈ ಹೊಲದಲ್ಲಿ ಫೋಟೋ ತೆಗೆದ ಮೇಲೂ ಕೆಲವು ಬೆಳೆ ತೆಗೆದಿರಬಹುದು.

2400 ಡಿಪಿಐಗೆ, ಅಂದರೆ ಇಂಚಿಗೆ 2400 ಚುಕ್ಕಿಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿದೆ, ಮುಖಪುಟದ ಎತ್ತರಕ್ಕೆ ಸಾಲಲಿಲ್ಲ. 3200ಕ್ಕೆ ಮತ್ತೆ ಮಾಡಿದೆ. ಸ್ಕ್ಯಾನರಿನಲ್ಲಿ ಧೂಳು ತಾನಾಗಿ ತೆಗೆಯುವ ಸೌಲಭ್ಯ ಇದೆ, ಆದರೆ ಅದು ಇನ್ಫ್ರಾರೆಡ್ ಬೆಳಕಿನಲ್ಲಿ ನೋಡುವಂಥದ್ದು. ಕೊಡಾಕ್ರೋಮ್ ಮುಂದೆ ಅದರ ಆಟ ನಡೆಯುವುದಿಲ್ಲ, ಧೂಳಿನ ಜೊತೆ ಚಿತ್ರವನ್ನೂ ತಿಂದು ಹಾಕುತ್ತದೆ. ಎರಡು ರಾತ್ರಿ ಕೂತು ಒಂದೊಂದೇ ಚುಕ್ಕಿ ಅಳಿಸಿದೆ. ಪ್ರಕಾಶಕರು ನೋಡಿ ಕುಣಿದಾಡಿಬಿಟ್ಟರು.

ಆಮೇಲೆ ಹೊಳೆಯಿತು, ಇದು ಯಾರ ಚಿತ್ರ? ಡಬ್ಬ ಕೊಂಡರೆ ಸ್ಲೈಡು ನನ್ನದಾಗುತ್ತದೆ, ಚಿತ್ರದ ಹಕ್ಕು ಬರುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ಆದ ಮೇಲೆ ಫೋಟೋದ ಹಕ್ಕು ತೆಗೆದವರ ಜೀವಮಾನಕ್ಕೆ, ಅವರು ಹೋದ ಮೇಲೆ ಇನ್ನೂ 60 ವರ್ಷಕ್ಕೆ. "ಯಾರು ಬಂದು ಕೇಳ್ತಾರೆ ಬಿಡಿ" ಅಂದರು ಪ್ರಕಾಶಕರು. ಕೇಳಲಿಕ್ಕಿಲ್ಲ. ಆದರೆ ಯಾರೋ ಕಾಪಾಡಿಕೊಂಡ ಹೊಲದ ಮೇಲೆ "ಮುಖಪುಟ ವಿನ್ಯಾಸ" ಅಂತ ನನ್ನ ಹೆಸರು ಹಾಕಿಕೊಳ್ಳಲು ಕೈ ಬರಲಿಲ್ಲ.

ಮೇ ಕೊನೆಗೆ ಕ್ಯಾಮೆರಾ ಹಾಕಿಕೊಂಡು ನಾನೇ ಶೆಟ್ಟಿಹಳ್ಳಿಗೆ ಹೋದೆ. ಹಿನ್ನೀರು ಇಳಿದಿತ್ತು, ಒಡೆದ ಮಣ್ಣಿನ ಮೇಲೆ ನಡೆದೇ ಹೋಗಬಹುದಿತ್ತು. ಸ್ಕ್ಯಾನನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಅವನು ನಿಂತ ಜಾಗ ಹುಡುಕಿದೆ. ಒಂದೂವರೆ ಗಂಟೆ ಸುತ್ತಿದರೂ ಹೊಂದಲಿಲ್ಲ. ದಿಬ್ಬ ಎಡಕ್ಕಿರಬೇಕು, ಬಲಕ್ಕಿದೆ. ಜಾಗವೇ ಬದಲಾಯಿತಾ? ಆಮೇಲೆ ತಲೆ ಚಚ್ಚಿಕೊಂಡೆ. ಸ್ಲೈಡನ್ನು ಉಲ್ಟಾ ಇಟ್ಟು ಸ್ಕ್ಯಾನ್ ಮಾಡಿದ್ದೆ! ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಮಂಕು, ನೋಡಿದರೆ ಗೊತ್ತಾಗುತ್ತದೆ. ನಾನು ನೋಡಿರಲಿಲ್ಲ, ಅಷ್ಟೇ. ಅರಕಲಗೂಡು ಬಸ್ಸಿನ ಸ್ಲೈಡಿನಲ್ಲಾದರೆ ಬೋರ್ಡಿನ ಅಕ್ಷರ ತಿರುಗಿ ಕಂಡು ಸಿಕ್ಕಿಬೀಳುತ್ತಿದ್ದೆ. ಆಕಾಶಕ್ಕೆ ಎಡ ಬಲ ಎಲ್ಲಿದೆ? ಈ ಸಂಗತಿ ಪ್ರಕಾಶಕರಿಗೆ ಇನ್ನೂ ಹೇಳಿಲ್ಲ.

ಅವನು ನಿಂತ ಜಾಗ ಕೊನೆಗೂ ಸಿಕ್ಕಿತು. ಮಳೆಗಾಲದಲ್ಲಾದರೆ ಅದು ನೀರಿನೊಳಗೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಿ, ಬೇಕೆಂದೇ ಮುಕ್ಕಾಲು ಪಾಲು ಆಕಾಶ ಬಿಟ್ಟು ತೆಗೆದೆ. ಪುಸ್ತಕಕ್ಕೆ ಹೋಗಿದ್ದು ಅದೇ. ಅವನದ್ದರಷ್ಟು ಚೆನ್ನಾಗಿಲ್ಲ. ಅವನ ಆಕಾಶದ ನೀಲಿ ನನಗೆ ಬರಲಿಲ್ಲ.

ಈಗ ಅಪ್ಪಾಜಿಯ ವಿಷಯ. ಆ ಕಾಲದಲ್ಲಿ ಹಾಸನದಲ್ಲಿ ಸ್ಟುಡಿಯೋ ಇಟ್ಟಿದ್ದವರಿಗೆ ಸ್ಲೈಡು ತೆಗೆಸುತ್ತಿದ್ದವರು ಬೆರಳೆಣಿಕೆಯಷ್ಟೇ ಗೊತ್ತಿರಬೇಕು. ಚೌಕಟ್ಟುಗಳ ಮೇಲೆ ನೀಲಿ ಇಂಕಿನಲ್ಲಿ ದುಂಡಗಿನ ಕೈಬರಹ ಇದೆ, ಮೂಲೆಯಲ್ಲಿ ಎರಡಕ್ಷರದ ಇನಿಷಿಯಲ್. ಅದನ್ನು ಇಲ್ಲಿ ಹಾಕುವುದಿಲ್ಲ, ಆ ಮನೆಯವರ ಮುಖಗಳನ್ನೂ ಹಾಕುವುದಿಲ್ಲ. ಭಾನುವಾರ ನನ್ನ ತಮ್ಮ ಮೈಸೂರಿಗೆ ಬರುತ್ತಿದ್ದಾನೆ, ಹತ್ತು ಸ್ಲೈಡು ಅವನ ಕೈಲಿ ಕಳಿಸುತ್ತೇನೆ. ಮೊಬೈಲಿನಲ್ಲಿ ತೋರಿಸಬೇಡ. ಸ್ಲೈಡನ್ನೇ ಅಪ್ಪಾಜಿ ಕೈಗೆ ಕೊಡು, ಅಂಚು ಹಿಡಿದುಕೊಳ್ಳೋದು ಅವರಿಗೆ ಹೇಳಿಕೊಡಬೇಕಿಲ್ಲ. ಬೆಳಗಿನ ಕಾಫಿ ಆದ ಮೇಲೆ ಕಿಟಕಿ ಹತ್ತಿರ ಕೂರಿಸು.

ನಿನ್ನವನೇ ಆದ,
ಅಚ್ಚುಮೊಳೆ ಸಿಗದವನು