ಹೂಳುಗುಂಡಿಗೆ ಬೇಕು ಹರವು

ಮಾನ್ಯರೇ,

ಬೆಂಗಳೂರಿನ ಕೆರೆ ಅಭಿವೃದ್ಧಿ ಕಾಮಗಾರಿಗಳಲ್ಲಿ ರಾಜಕಾಲುವೆ ಕೆರೆಗೆ ಸೇರುವ ಕಡೆ ಸಿಲ್ಟ್ ಟ್ರ್ಯಾಪ್, ಅಂದರೆ ಹೂಳು ಕೆರೆಗೆ ಹೋಗದಂತೆ ಹಿಡಿದಿಡುವ ಗುಂಡಿ, ಕಟ್ಟುವುದುಂಟು. ಒಳ್ಳೆಯದೇ. ಆದರೆ ಅದನ್ನು ಬಾವಿಯಂತೆ ಕಿರಿದಾಗಿ, ಆಳವಾಗಿ ತೋಡಿದರೆ ಪ್ರಯೋಜನವಿಲ್ಲ. ಎಷ್ಟು ಸಣ್ಣ ಕಣ ಸಿಕ್ಕಿಬೀಳುತ್ತದೆ ಎಂಬುದು ಗುಂಡಿಯ ಮೇಲ್ಮೈ ವಿಸ್ತೀರ್ಣದ ಮೇಲೆ ನಿಂತಿದೆ. ಆಳ ಹೆಚ್ಚಿಸಿದರೆ ನೀರು ಹೆಚ್ಚು ಹೊತ್ತು ನಿಲ್ಲುತ್ತದೆ ನಿಜ. ಕಣ ಇಳಿಯಬೇಕಾದ ದೂರವೂ ಅಷ್ಟೇ ಹೆಚ್ಚುತ್ತದೆ.

0.1 ಮಿ.ಮೀ. ಗಾತ್ರದ ಮರಳಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 8 ಮಿ.ಮೀ. ಇಳಿಯುತ್ತದೆ. ಕಾಲುವೆಯಲ್ಲಿ ಸೆಕೆಂಡಿಗೆ 1 ಘನ ಮೀಟರ್ ನೀರು ಬರುತ್ತಿದ್ದರೆ, ಅದನ್ನು ಕಣ ಇಳಿಯುವ ವೇಗದಿಂದ ಭಾಗಿಸಿದಾಗ ಗುಂಡಿಗೆ ಬೇಕಾದ ಮೇಲ್ಮೈ ಸಿಗುತ್ತದೆ: 125 ಚದರ ಮೀಟರ್. ಸುಳಿ, ಕದಡುವಿಕೆಗಳಿಗೆಂದು ದುಪ್ಪಟ್ಟು ಮಾಡಿ, 250 ಇಟ್ಟುಕೊಳ್ಳಬೇಕು. ಕಣದ ಗಾತ್ರ ಅರ್ಧವಾದರೆ ಜಾಗ ಸುಮಾರು ನಾಲ್ಕು ಪಟ್ಟು. ನಯವಾದ ಜೇಡಿ 1 ಮೀಟರ್ ಇಳಿಯಲು ವಾರಗಟ್ಟಲೆ ಬೇಕು. ಅದನ್ನೂ ಈ ಗುಂಡಿಯಲ್ಲೇ ಹಿಡಿಯುತ್ತೇವೆ ಎನ್ನುವುದು ಕಾಗದದ ಮಾತು.

ಜಾಗವಿದ್ದೂ ಕೆಡುವುದುಂಟು. ಒಳಬಾಯಿ, ಹೊರಬಾಯಿ ಹತ್ತಿರವಿದ್ದರೆ ನೀರು ನಡುವೆ ಸೀಳಿಕೊಂಡು ಹೋಗುತ್ತದೆ, ಮೂಲೆಗಳು ದಂಡ. ಉದ್ದ ಅಗಲದ ಮೂರು ಪಟ್ಟಾದರೂ ಇರಲಿ. ಒಳಬಾಯಿಯಲ್ಲಿ ದಪ್ಪ ಕಲ್ಲು ಜೋಡಿಸಿ ರಭಸ ಮುರಿಯಬೇಕು. ಹೊರಗೆ ಹೋಗುವ ನೀರು ಪೈಪಿನಲ್ಲಿ ನುಗ್ಗದೆ ಗುಂಡಿಯ ಇಡೀ ಅಗಲಕ್ಕೆ ಕಟ್ಟಿದ ಗೋಡೆಯ ಮೇಲಿಂದ ತೆಳುವಾಗಿ ಹರಿಯಬೇಕು. ಪ್ಲಾಸ್ಟಿಕ್ ತಡೆಯುವ ಜಾಲರಿ ಗುಂಡಿಗಿಂತ ಮೊದಲೇ ಇರಲಿ.

ಆಳ ಬೇಕಾಗುವುದು ಹೂಳು ಕೂಡಿಡಲು. ಅದಕ್ಕೆಂದು ಬಿಟ್ಟ ಆಳ ಅರ್ಧ ತುಂಬಿದೊಡನೆ ಗುಂಡಿ ತೆರವು ಮಾಡಬೇಕು. ಬಿಟ್ಟರೆ ನೀರಿಗೆ ಜಾಗ ಕಡಿಮೆಯಾಗಿ, ಹರಿವಿನ ವೇಗ ಹೆಚ್ಚಿ, ಒಂದೇ ಜೋರು ಮಳೆ ಹಳೆಯ ಹೂಳನ್ನೂ ಎಬ್ಬಿಸಿ ಕೆರೆಗೆ ತಳ್ಳುತ್ತದೆ. ಗೋಡೆಯ ಮೇಲೆ ಬಣ್ಣದಲ್ಲಿ ಅಳತೆ ಗುರುತು ಹಾಕಿದ್ದರೆ ಯಾರು ಬೇಕಾದರೂ ನೋಡಿ ಹೇಳಬಹುದು. ಜೆಸಿಬಿ ಇಳಿಯಲು ಇಳಿಜಾರು ದಾರಿಯಿಲ್ಲದ ಗುಂಡಿಯನ್ನು ಯಾವ ಗುತ್ತಿಗೆದಾರನೂ ತೆರವು ಮಾಡುವುದಿಲ್ಲ. ತಳ ಕಾಂಕ್ರೀಟಿನದ್ದಾದರೆ ಎಲ್ಲಿಗೆ ನಿಲ್ಲಿಸಬೇಕೆಂದು ಚಾಲಕನಿಗೂ ತಿಳಿಯುತ್ತದೆ. ತೆಗೆದ ಹೂಳನ್ನು ದಂಡೆಯಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ಅದು ವಾಪಸ್. ಕಾಲುವೆಗೆ ಒಳಚರಂಡಿ ನೀರು ಸೇರುತ್ತಿದ್ದರೆ ಆ ಹೂಳನ್ನು ಪರೀಕ್ಷಿಸದೆ ಹೊಲಗಳಿಗೆ ಕೊಡಲೂಬಾರದು.

ಮುಂಗಾರಿಗೆ ಮುನ್ನ ಒಮ್ಮೆ ತೆರವು ಮಾಡಿ ಕೈತೊಳೆದುಕೊಂಡರೆ ಸಾಲದು. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್‌ನಲ್ಲಿ. ಆಗಸ್ಟ್ ಕೊನೆಗೆ ಇನ್ನೊಮ್ಮೆ ಹೂಳೆತ್ತುವ ಷರತ್ತು, ಅದಕ್ಕೆ ಹಣ, ಹೂಳು ಸುರಿಯುವ ಜಾಗ ಮೂರನ್ನೂ ಟೆಂಡರ್‌ನಲ್ಲೇ ಸೇರಿಸಬೇಕು.

– ಜಲ ಎಂಜಿನಿಯರ್, ಬೆಂಗಳೂರು