ಖಾಲಿ ಪಟ್ಟಿಯೂ ಸರಿಯುತ್ತರವೇ!

ಮಾನ್ಯರೇ,

ಇನ್ನು ಮುಂದೆ ಪ್ರೋಗ್ರಾಂ ಬರೆಯುವುದೂ ಕಂಪ್ಯೂಟರೇ, ಅದು ಸರಿಯೆಂದು ಗಣಿತದ ರೀತಿ ಸಾಧಿಸುವುದೂ (ಸಾಬೀತು ಮಾಡುವುದೂ) ಕಂಪ್ಯೂಟರೇ, ಮನುಷ್ಯರು ಆರಾಮಾಗಿರಬಹುದು ಎಂಬ ಧಾಟಿಯ ಲೇಖನ ನಿಮ್ಮಲ್ಲಿ ಬಂದಿತ್ತು. ಅದೇ ಕೆಲಸ ಮಾಡುವವಳು ನಾನು. ಅರ್ಧ ಮಾತು ಒಪ್ಪುತ್ತೇನೆ.

ಬರೀ ಟೆಸ್ಟಿಂಗ್ ಸಾಲದು ಅನ್ನುವುದು ನಿಜ. ಪಟ್ಟಿಯನ್ನು ಕ್ರಮವಾಗಿ ಜೋಡಿಸುವ, ಅಂದರೆ ಸಾರ್ಟ್ ಮಾಡುವ, ಟಿಮ್‌ಸಾರ್ಟ್ ಎಂಬ ಪ್ರೋಗ್ರಾಂ ಅನ್ನೇ ನೋಡಿ. 2002ರಲ್ಲಿ ಟಿಮ್ ಪೀಟರ್ಸ್ ಎಂಬವರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆಂದು ಬರೆದದ್ದು, ಆಮೇಲೆ ಜಾವಾ, ಆಂಡ್ರಾಯ್ಡ್‌ಗೂ ಬಂತು. 2015ರಲ್ಲಿ ಕೆಲವು ಸಂಶೋಧಕರು ಜಾವಾದ ಟಿಮ್‌ಸಾರ್ಟ್ ಸರಿಯಿದೆ ಎಂದು 'ಕೀ' ಎಂಬ ಪ್ರೂವರ್‌ನಲ್ಲಿ (ಇಂಥ ಸಾಧನೆಗೆ ನೆರವಾಗುವ ತಂತ್ರಾಂಶದಲ್ಲಿ) ಸಾಧಿಸಲು ಹೊರಟರು. ಏನು ಮಾಡಿದರೂ ಆಗಲಿಲ್ಲ. ತಪ್ಪು ಪ್ರೋಗ್ರಾಂನಲ್ಲೇ ಇತ್ತು! ಕೋಟಿಗಟ್ಟಲೆ ಸಂಖ್ಯೆಗಳ ಪಟ್ಟಿಯನ್ನು ಒಂದು ವಿಶೇಷ ಕ್ರಮದಲ್ಲಿ ಕೊಟ್ಟರೆ ಅದು ನಡುವೆಯೇ ಕೈಕೊಡುತ್ತಿತ್ತು. ಅಂಥ ಪಟ್ಟಿ ಕೊಟ್ಟು ಟೆಸ್ಟ್ ಮಾಡಬೇಕೆಂದು ಯಾರಿಗೆ ಹೊಳೆಯುತ್ತದೆ?

ಸಾಧನೆಯಿಂದಲೇ, ಅಂದರೆ ಗಣಿತದ ಪ್ರೂಫ್‌ನಿಂದಲೇ, ಪ್ರೋಗ್ರಾಂ ಹುಟ್ಟಿಸುವುದೂ ನಿಜ. 'ಯಾವ ಪಟ್ಟಿ ಕೊಟ್ಟರೂ ಅದನ್ನು ಏರಿಕೆ ಕ್ರಮದಲ್ಲಿ ಜೋಡಿಸಿದ ಪಟ್ಟಿಯೊಂದು ಇದೆ' ಎಂಬ ಪ್ರಮೇಯ ಸಾಧಿಸಿ ಅಂದುಕೊಳ್ಳಿ. ಒಂದೊಂದೇ ಸಂಖ್ಯೆ ಬಿಡಿಸಿಕೊಂಡು ಸಾಧಿಸಿದರೆ ಅದರೊಳಗಿಂದ ಇನ್ಸರ್ಷನ್ ಸಾರ್ಟ್, ಅಂದರೆ ಒಂದೊಂದೇ ಸಂಖ್ಯೆಯನ್ನು ಅದರ ಜಾಗಕ್ಕೆ ಸೇರಿಸುವ ಪ್ರೋಗ್ರಾಂ, ಬರುತ್ತದೆ. ಪಟ್ಟಿಯನ್ನು ಎರಡು ಪಾಲು ಮಾಡಿ ಸಾಧಿಸಿದರೆ ಮರ್ಜ್ ಸಾರ್ಟ್, ಅಂದರೆ ಜೋಡಿಸಿದ ಎರಡು ಪಾಲುಗಳನ್ನು ಒಂದಾಗಿಸುವ ಪ್ರೋಗ್ರಾಂ. ಮೊದಲ ಸಲ ಇದನ್ನು ಕಂಡ ರಾತ್ರಿ ನಾನು ನಿದ್ದೆ ಮಾಡಿಲ್ಲ.

ಆದರೆ ಲೇಖನ ಬಿಟ್ಟ ಇನ್ನರ್ಧ ಕೇಳಿ. ನಾನೇ ಕೈಯಾರೆ ಮಾಡಲು ಕೂತಾಗ 'ಉತ್ತರದ ಪಟ್ಟಿ ಏರಿಕೆ ಕ್ರಮದಲ್ಲಿರಬೇಕು' ಎಂದಷ್ಟೇ ಬರೆದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾಧನೆ ಮುಗಿಯಿತು, ಯಂತ್ರ ಒಪ್ಪಿಯೂ ಬಿಟ್ಟಿತು. ಖುಷಿಯಿಂದ ಪ್ರೋಗ್ರಾಂ ತೆಗೆದು ನೋಡಿದರೆ, ಏನು ಕೊಟ್ಟರೂ ಅದು ಖಾಲಿ ಪಟ್ಟಿ ಕೊಡುತ್ತಿತ್ತು. ಖಾಲಿ ಪಟ್ಟಿಯಲ್ಲಿ ಕ್ರಮ ತಪ್ಪಲು ಏನಿದೆ? ಯಂತ್ರದ್ದು ತಪ್ಪಿಲ್ಲ, ಅಲ್ವಾ? ಸರಿ, 'ಕೊಟ್ಟ ಸಂಖ್ಯೆಗಳೆಲ್ಲ ಉತ್ತರದಲ್ಲಿರಬೇಕು, ಹೊಸದು ಸೇರಬಾರದು' ಎಂದು ಸೇರಿಸಿದೆ. ಈ ಸಲ ಎರಡು 7 ಕೊಟ್ಟರೆ ಒಂದೇ 7 ವಾಪಸ್ ಬಂತು. ಎಷ್ಟು ಸಲ ಇರಬೇಕು ಅನ್ನುವುದನ್ನು ನಾನು ಹೇಳಿರಲೇ ಇಲ್ಲ. ಅದನ್ನೂ ಬರೆದ ಮೇಲೆ ಯಂತ್ರ ಸುಮ್ನೆ ಒಪ್ಪಲಿಲ್ಲ, ಮೂರು ದಿನ ಸತಾಯಿಸಿತು. ನಿಜವಾದ ಕೆಲಸ ಶುರುವಾದದ್ದೇ ಆಗ.

ಬರೀ ಸಾರ್ಟಿಂಗ್‌ಗೇ ಇಷ್ಟು. ಹಾಗಾಗಿ ಒಂದು ಕೋರಿಕೆ. ಯಾವುದೋ ತಂತ್ರಾಂಶ 'ಗಣಿತದ ಪ್ರಕಾರ ಸರಿಯೆಂದು ಸಾಬೀತಾಗಿದೆ' ಎಂದು ಮುಂದೆ ಸುದ್ದಿ ಹಾಕುವಾಗ, ಸಾಬೀತಾದದ್ದು ಯಾವ ವಾಕ್ಯ ಎಂಬುದನ್ನೂ ಪಕ್ಕದಲ್ಲಿ ಹಾಕಿ. ಒಂದೆರಡು ಸಾಲು ಜಾಸ್ತಿ ಹಿಡಿಯಬಹುದು, ಅಷ್ಟೇ.

– ಒಬ್ಬ ಓದುಗಿ